ಯಾವ ವಿಮಾನ, ಯಾವ ದಿನ?

ತಮ್ಮಾ, ಪುಟ್ಟದೊಂದು ಯುದ್ಧವಿಮಾನ ಕಟ್ಟಬೇಕು ಅನ್ನುವ ಆಸೆ ನಿನಗೆ ಹುಟ್ಟಿದೆ ಎಂದು ಕೇಳಿ ಬಹಳ ಸಂತೋಷವಾಯಿತು. ಯಾವ ಕಿಟ್ ತರಿಸಲಿ, ಯಾವ ಬಣ್ಣ ಕೊಳ್ಳಲಿ, ಏರ್‌ಬ್ರಷ್ ಬೇಕೇ ಬೇಡವೇ ಎಂದೆಲ್ಲ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕೂ ಮೊದಲು ನೀನು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಒಂದಿದೆ: ಯಾವ ವಿಮಾನ, ಯಾವ ದಿನದ್ದು?

ಮಿಗ್-21 ಮಾಡುತ್ತೇನೆ ಅಂದರೆ ಸಾಲದು. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21 ಚಂಡೀಗಢದಲ್ಲಿ ವಿದಾಯ ಪಡೆದದ್ದು 2025ರ ಸೆಪ್ಟೆಂಬರ್ 26ರಂದು. ಈ 62 ವರ್ಷಗಳಲ್ಲಿ ಅದರ ಬೆನ್ನು ದಪ್ಪವಾಯಿತು, ಹೊಟ್ಟೆಯೊಳಗೆ ಫಿರಂಗಿ ಬಂತು, ಬಣ್ಣ ಎಷ್ಟೋ ಸಲ ಬದಲಾಯಿತು. 1971ರ ಯುದ್ಧದಲ್ಲಿ ಹಾರಿದ ಎಫ್‌ಎಲ್ ಮಾದರಿಯ ಬೆನ್ನು ತೆಳು. ಫಿರಂಗಿ ಬೇಕೆಂದರೆ ಹೊಟ್ಟೆಯ ಕೆಳಗೆ ಬೇರೆ ಪೆಟ್ಟಿಗೆ ಕಟ್ಟಬೇಕಿತ್ತು. ಲೋಹದ ಬಣ್ಣದಲ್ಲೇ ಹೊಳೆಯುತ್ತಿದ್ದ ಆ ವಿಮಾನಗಳ ಮೇಲೆ ಯುದ್ಧದ ಹೊತ್ತಿಗೆ ಸ್ಕ್ವಾಡ್ರನ್‌ನವರೇ ಹಸಿರು ಬಳಿದರು. ಮುಂದೆ ಬಂದ ಬಿಸ್ ಮಾದರಿಯ ದಪ್ಪ ಬೆನ್ನಿಗೆ 1971ರ ಬಣ್ಣ ಹಚ್ಚಿದರೆ, ನಿನ್ನ ಮೇಜಿನ ಮೇಲೆ ನಿಲ್ಲುವುದು ಎಂದೂ ಹಾರದ ವಿಮಾನ. ಕೈಚಳಕ ಎಷ್ಟೇ ಚೆನ್ನಾಗಿರಲಿ, ಅದು ಸುಳ್ಳು. ಯುದ್ಧವಿಮಾನದ ವಿಷಯದಲ್ಲಿ ಸುಳ್ಳು ಹೇಳುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆ ಆಸನದಲ್ಲಿ ಒಬ್ಬ ಮನುಷ್ಯ ಕೂತಿದ್ದ. ಕೆಲವು ಸಲ ಅವನು ತಿರುಗಿ ಬರಲಿಲ್ಲ.

ಆದವಾನಿ ಕಡೆಯ ಉರುಕುಂದದ ಹುಡುಗನಾದ ನಿನಗೆ ನಾನು ಹೇಳುವ ವಿಮಾನ ಮಾರುತ್. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡ ಎಚ್‌ಎಫ್-24. ಭಾರತದಲ್ಲಿಯೇ ವಿನ್ಯಾಸ ಮಾಡಿ, ಭಾರತದಲ್ಲಿಯೇ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಜರ್ಮನಿಯವರು. ಎರಡನೆಯ ಮಹಾಯುದ್ಧದ ಫೋಕೆ-ವುಲ್ಫ್ 190 ಅವರದೇ ಕೆಲಸ. ಯುದ್ಧದ ಬಳಿಕ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಅವರ ಜೊತೆ ದುಡಿದ ಎಂಜಿನಿಯರುಗಳೂ ಕುಶಲಕರ್ಮಿಗಳೂ ಬಹುಪಾಲು ನಮ್ಮವರೇ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಶುರುಮಾಡಿದ ಕಾರ್ಖಾನೆಗೆ ಆಗ ಇನ್ನೂ ಎರಡು ದಶಕ ತುಂಬಿರಲಿಲ್ಲ.

ಈಗ ನಿನಗೆ ಬೇಕಾದ ಸಂಗತಿಗೆ ಬರುತ್ತೇನೆ. ಲೋಹದ ಮಾರುತ್ ಹಾರುವ ಮೊದಲು ಮರದ ಮಾರುತ್ ಹಾರಿತ್ತು. ಎಚ್‌ಎಫ್-24ಎಕ್ಸ್ ಎಂಬ ಹೆಸರಿನ ಗ್ಲೈಡರ್ ಅದು. ಎಂಜಿನ್ ಇಲ್ಲ, ಆದರೆ ಆಕಾರವೂ ಅಳತೆಯೂ ನಿಜವಾದ ವಿಮಾನದ್ದೇ, ಇಬ್ಬರು ಕೂರಬಹುದು. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. ಅಲ್ಲಿಂದ ಅದು ಜಾರಿಕೊಂಡು ನೆಲಕ್ಕಿಳಿಯುತ್ತಿತ್ತು. ಹೀಗೆ ಹತ್ತಾರು ಬಾರಿ ಹಾರಿಸಿ, ಈ ರೆಕ್ಕೆ ಈ ಬಾಲ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಕಂಡುಕೊಂಡರು. ಆಮೇಲೆ 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಲೋಹದ ಮಾರುತ್ ಅನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಮರದಲ್ಲಿ ಮಾದರಿ ಮಾಡುವುದು ಮಕ್ಕಳಾಟ ಎಂದು ಊರಲ್ಲಿ ಯಾರಾದರೂ ಅಂದರೆ ಈ ಗ್ಲೈಡರ್ ಕಥೆ ಹೇಳು.

ಸುರಂಜನ್ ದಾಸ್ ಆಮೇಲೆ ಗ್ರೂಪ್ ಕ್ಯಾಪ್ಟನ್ ಆದರು. 1970ರ ಜನವರಿ 10ರಂದು, ಇನ್ನೂ ಹೆಚ್ಚು ಬಲದ ಎಂಜಿನ್ ಹಾಕಿದ ಮಾರುತ್ ಒಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಕಡೆಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಆ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನಕ್ಕೆ ಅವರು ಯಾರೆಂಬುದೇ ಗೊತ್ತಿಲ್ಲ. ನೀನು ತಿಳಿದಿರು.

ಮಾರುತ್‌ಗಳು ಒಟ್ಟು 147 ಆದವು. ಅದರಲ್ಲಿ 18 ಎರಡು ಆಸನದ ತರಬೇತಿ ವಿಮಾನಗಳು. ಮೊದಲು ಪಡೆದದ್ದು 10ನೇ ಸ್ಕ್ವಾಡ್ರನ್, 1967ರಲ್ಲಿ. ಬಳಿಕ 220 ಮತ್ತು 31ನೇ ಸ್ಕ್ವಾಡ್ರನ್‌ಗಳಿಗೂ ಸಿಕ್ಕಿತು. 1971ರ ಡಿಸೆಂಬರಿನಲ್ಲಿ ಮಾರುತ್ ರಾಜಸ್ಥಾನದ ನೆಲೆಗಳಿಂದ ಏರಿ ಮರುಭೂಮಿಯ ಮೇಲೆ ದಾಳಿ ಮಾಡಿತು. ಎಂಜಿನ್‌ನ ಬಲ ಸಾಲದೆ ಶಬ್ದದ ಎರಡು ಪಟ್ಟು ವೇಗದ ಕನಸು ನನಸಾಗಲಿಲ್ಲ ನಿಜ. ಆದರೆ ನೆಲಮಟ್ಟದಲ್ಲಿ ಸ್ಥಿರವಾಗಿ, ಪೆಟ್ಟು ತಿಂದರೂ ಮನೆ ಸೇರಿಸುವ ವಿಮಾನ ಎಂದು ಹಾರಿಸಿದವರು ನೆಚ್ಚಿದ್ದರು. ಅದರ ಬಗ್ಗೆ ಬರೆಯುವವರೆಲ್ಲ ಸೋಲಿನ ಕಥೆಯೆಂದೇ ಬರೆದು ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹದಿನಾಲ್ಕು ವರ್ಷದ ಸ್ವತಂತ್ರ ದೇಶ ಜೆಟ್ ಯುದ್ಧವಿಮಾನ ಹಾರಿಸಿತು. ಹಾರಿದ್ದು ಕನ್ನಡದ ನೆಲದಿಂದ.

ಈಗ ಹೇಗೆ ಕಟ್ಟುವುದು ಎಂಬ ಮಾತು. ಮಿಗ್ ಸಿಕ್ಕಷ್ಟು ಸುಲಭವಾಗಿ ಮಾರುತ್ ಕಿಟ್ ಸಿಕ್ಕುವುದಿಲ್ಲ. ಆದ್ದರಿಂದ ಮೊದಲು ಒಂದು ಪ್ಲಾಸ್ಟಿಕ್ ಕಿಟ್ ಕಟ್ಟಿ ಕೈ ಪಳಗಿಸಿಕೊ, ಮಾರುತ್ ಅನ್ನು ಆಮೇಲೆ ಮರದಲ್ಲಿ ನೀನೇ ಕೆತ್ತು. ಅಳತೆ 1/72 ಇರಲಿ. ಆ ಅಳತೆಗೆ ಮಾರುತ್‌ನ 15.87 ಮೀಟರ್ ಉದ್ದ 220 ಮಿಲಿಮೀಟರ್ ಆಗುತ್ತದೆ, 9 ಮೀಟರ್ ರೆಕ್ಕೆಯ ಹರವು ಸರಿಯಾಗಿ 125 ಮಿಲಿಮೀಟರ್. ಐದಡಿ ಎಂಟಂಗುಲದ ಪೈಲಟ್ 24 ಮಿಲಿಮೀಟರ್. ಈ 72 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊ. ಮುಂದೆ ಪ್ರತಿಯೊಂದು ನಿರ್ಧಾರಕ್ಕೂ ಅದೇ ಬೇಕು.

ಮೊದಲ ಕಿಟ್‌ಗೆ ಮಿಸ್ಟೇರ್ 4ಎ ಸಿಕ್ಕರೆ ಬಿಡಬೇಡ. ಹಿಂದೆ ಮ್ಯಾಚ್‌ಬಾಕ್ಸ್ ಕಂಪನಿ ಅದನ್ನು 1/72ರಲ್ಲಿ ತಂದಿತ್ತು. ಹಳೆಯ ದಾಸ್ತಾನು ಹವ್ಯಾಸಿಗಳ ನಡುವೆ ಕೈ ಬದಲಾಗುತ್ತಿರುತ್ತದೆ. ಸರಳ ಆಕಾರ, ಕಡಿಮೆ ಬಿಡಿಭಾಗ. ಅದನ್ನು ಹೇಳಲು ಇನ್ನೊಂದು ಕಾರಣವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಹಾರಿಸಿದ್ದು ಮಿಸ್ಟೇರ್. 1ನೇ ಸ್ಕ್ವಾಡ್ರನ್ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಬೆಳಗಿನ ಜಾವ ದಾಳಿಗೆ ಹೊರಟಾಗ ಅವರು ಬದಲಿ ಪೈಲಟ್. ಮುಖ್ಯ ತಂಡದಲ್ಲಿ ಒಂದು ವಿಮಾನ ಹಿಂದುಳಿದದ್ದರಿಂದ ಅವರು ಸೇರಿಕೊಂಡರು. ಅವರನ್ನು ಎದುರಿಸಿದ್ದು ಮಿಸ್ಟೇರ್‌ಗಿಂತ ಬಹಳ ವೇಗದ ಪಾಕಿಸ್ತಾನಿ ಜೆಟ್ ಸ್ಟಾರ್‌ಫೈಟರ್. ಪೆಟ್ಟು ತಿಂದ ಮಿಸ್ಟೇರ್‌ನಲ್ಲೇ ತಿರುಗಿ ಹೋರಾಡಿ ದೇವಯ್ಯ ಆ ಸ್ಟಾರ್‌ಫೈಟರ್ ಅನ್ನು ಕೆಡವಿದರು, ಅವರು ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಬಗ್ಗೆ ಬರೆದ ಪುಸ್ತಕದಿಂದ ಸಂಗತಿ ಬೆಳಕಿಗೆ ಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಬಳಿಕ.

ಮಿಸ್ಟೇರ್ ಕಟ್ಟಿದಾಗ ಎಚ್ಚರವಾಗಿರು. ಅಂದು ದೇವಯ್ಯ ಹಾರಿಸಿದ ವಿಮಾನದ ಸಂಖ್ಯೆ, ಬಣ್ಣ ಖಚಿತವಾಗಿ ತಿಳಿಯುವ ತನಕ ಹುಡುಕು. ಖಚಿತವಾಗದಿದ್ದರೆ, ಯಾವ ಮಿಸ್ಟೇರ್‌ನ ಸ್ಪಷ್ಟ ಫೋಟೋ ನಿನ್ನ ಬಳಿ ಇದೆಯೋ ಅದನ್ನು ಮಾಡಿ, 1ನೇ ಸ್ಕ್ವಾಡ್ರನ್‌ನ ಮಿಸ್ಟೇರ್ ಎಂದಷ್ಟೇ ಬರೆ. ಊಹೆಯ ಸಂಖ್ಯೆ ಹಚ್ಚಿ ಇದು ದೇವಯ್ಯನವರ ವಿಮಾನ ಎಂದು ತೋರಿಸಬೇಡ. ಮೊದಲೇ ಇಪ್ಪತ್ತಮೂರು ವರ್ಷ ಮನ್ನಣೆ ಸಿಗದೆ ಕಾದ ಮನೆ ಅದು.

ಕಿಟ್ ಕೈಗೆ ಬಂದ ದಿನವೇ ಅಂಟಿನ ಬಾಟಲಿ ತೆರೆಯಬೇಡ. ಬಿಡಿಭಾಗಗಳ ಚೌಕಟ್ಟುಗಳನ್ನು ಉಗುರುಬೆಚ್ಚನೆಯ ಸೋಪು ನೀರಿನಲ್ಲಿ ತೊಳೆದು ಒಣಗಿಸು. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಬಳಸುವ ಎಣ್ಣೆಯಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಿಡಿಭಾಗವನ್ನು ಚೌಕಟ್ಟಿನಿಂದ ತಿರುಚಿ ಮುರಿಯಬೇಡ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಚಾಕುವಿನಿಂದ ಸವರಿ, ಮರಳುಕಾಗದದಿಂದ ಉಜ್ಜು. ಪ್ರತಿಯೊಂದು ಜೋಡಣೆಯನ್ನೂ ಮೊದಲು ಅಂಟಿಲ್ಲದೆ ಕೂಡಿಸಿ ನೋಡು. ಪ್ಲಾಸ್ಟಿಕ್ ಅಂಟು ಎನ್ನುವುದು ನಿಜಕ್ಕೂ ಅಂಟಲ್ಲ. ಅದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಹೀಗಾಗಿ ಬಹಳ ಹಚ್ಚಿದರೆ ಗಟ್ಟಿಯಾಗುವುದಿಲ್ಲ, ಪ್ಲಾಸ್ಟಿಕ್ಕೇ ಸೊರಗುತ್ತದೆ. ಕೂಡಿಸಿ ಹಿಡಿದ ಸಂದಿನ ಮೇಲೆ ತೆಳು ಕುಂಚದಿಂದ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿಯುತ್ತದೆ. ಕಿಟಕಿ ತೆರೆದಿಟ್ಟುಕೊಂಡೇ ಈ ಕೆಲಸ ಮಾಡು, ಅದರ ಆವಿ ಒಳ್ಳೆಯದಲ್ಲ.

ಸಂದು ಮುಚ್ಚುವ ಪುಟ್ಟಿಯ ಮಾತು ಬಂದಾಗ ನನಗೆ ಕಿನ್ನಾಳ ನೆನಪಾಗುತ್ತದೆ. ಕೊಪ್ಪಳದ ಪಕ್ಕದ ಆ ಊರಿನ ಚಿತ್ರಗಾರರು ಮರದ ಗೊಂಬೆಗಳ ಸಂದು ತುಂಬಿ ಮೈ ನುಣುಪಾಗಿಸಲು ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಎಂಬುದನ್ನು ಮಾಡುತ್ತಾರೆ. ತಲೆಮಾರುಗಳಿಂದ ಬಂದ ವಿದ್ಯೆ. ಪ್ಲಾಸ್ಟಿಕ್ಕಿಗೆ ಅದು ಹಿಡಿಯದು, ಅಲ್ಲಿ ಹವ್ಯಾಸದ ಪುಟ್ಟಿಯೇ ಬೇಕು. ಆದರೆ ಮಾರುತ್ ಅನ್ನು ಮರದಲ್ಲಿ ಕೆತ್ತುವಾಗ ನೀನು ಕಲಿಯಬೇಕಾದ ಪಾಠ ಅವರ ಕೈಯಲ್ಲಿದೆ: ಒಂದೇ ಸಲ ದಪ್ಪಗೆ ಮೆತ್ತಬಾರದು. ತೆಳುವಾಗಿ ಹಚ್ಚು, ಪೂರ್ತಿ ಒಣಗಲಿ, ಉಜ್ಜು, ಮತ್ತೆ ಹಚ್ಚು. ಅವಸರದಲ್ಲಿ ದಪ್ಪಗೆ ತುಂಬಿದ ಪುಟ್ಟಿ ವಾರ ಕಳೆದ ಮೇಲೆ ಕುಗ್ಗಿ, ಬಣ್ಣದ ಕೆಳಗಿನಿಂದ ಗೆರೆಯಾಗಿ ಎದ್ದು ಕಾಣುತ್ತದೆ.

ಮೂರು ಗಾಲಿಯಲ್ಲಿ ಮುಂಗಾಲಿ ಇರುವ ಯಾವ ಜೆಟ್ ಆದರೂ ಮೂಗಿನಲ್ಲಿ ಭಾರ ಬೇಕು, ಇಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಸೈಕಲ್ ಬೇರಿಂಗಿನ ಉಕ್ಕಿನ ಗುಂಡು ಸಾಕು. ಒಡಲಿನ ಎರಡು ಭಾಗ ಮುಚ್ಚುವ ಮುನ್ನವೇ ಇದನ್ನು ಮಾಡು, ಮುಚ್ಚಿದ ಮೇಲೆ ದಾರಿಯಿಲ್ಲ.

ನಮ್ಮ ಕಡೆಯ ಹವೆಯ ಬಗ್ಗೆ ಯಾವ ಕಿಟ್‌ನ ಕಾಗದವೂ ಹೇಳುವುದಿಲ್ಲ, ಅದನ್ನು ನಾನು ಹೇಳಬೇಕು. ಆದವಾನಿಯಿಂದ ಕೌತಾಳದವರೆಗೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು. ನೀರಿನ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ. ಏರ್‌ಬ್ರಷ್‌ನ ಮೂತಿಯಲ್ಲಿ ಕಟ್ಟಿಕೊಳ್ಳುತ್ತದೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ನಾಲ್ಕು ಹನಿ ಬೆರೆಸು, ಇಲ್ಲವೇ ಬೆಳಿಗ್ಗೆ ಎಂಟರೊಳಗೆ ಬಣ್ಣ ಮುಗಿಸು. ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಿಗೆ ಮಾದರಿ ಇಡಬೇಡ. ತೆಳು ರೆಕ್ಕೆ ಬಾಗಿದರೆ ಮತ್ತೆ ನೆಟ್ಟಗಾಗುವುದು ಕಷ್ಟ. ಹತ್ತಿಯ ಕಾಲದಲ್ಲಿ ಇನ್ನೊಂದು ಕಾಟ. ಆದವಾನಿಯ ಜಿನ್ನಿಂಗ್ ಕಾರ್ಖಾನೆಗಳು, ಮಂಡಿಗೆ ಹೋಗುವ ಗಾಡಿಗಳು, ಗಾಳಿಯಲ್ಲೆಲ್ಲ ಹತ್ತಿಯ ಎಳೆ. 1/72ರ ರೆಕ್ಕೆಯ ಮೇಲೆ ಒದ್ದೆ ಬಣ್ಣಕ್ಕೆ ಒಂದು ಎಳೆ ಅಂಟಿದರೆ ಅದು ನಿಜದ ವಿಮಾನದ ಮೇಲೆ ಬಿದ್ದ ಹಗ್ಗದಷ್ಟು ದೊಡ್ಡದು. ಬಣ್ಣ ಹಚ್ಚುವ ಮೊದಲು ಕೋಣೆಯ ನೆಲಕ್ಕೆ ನೀರು ಚಿಮುಕಿಸು, ಫ್ಯಾನ್ ನಿಲ್ಲಿಸು, ಹಚ್ಚಿದ ಕೂಡಲೇ ಒಂದು ಪ್ಲಾಸ್ಟಿಕ್ ಡಬ್ಬಿ ಮಗುಚಿ ಮುಚ್ಚು. ಶ್ರಾವಣದಲ್ಲಿ ಈರಣ್ಣಸ್ವಾಮಿಯ ದರ್ಶನಕ್ಕೆ ಬಳ್ಳಾರಿ, ರಾಯಚೂರು ಕಡೆಯಿಂದಲೂ ಜನ ಬಂದು ತುಂಬುವ ದಿನಗಳಲ್ಲಿ ಊರಲ್ಲಿ ಧೂಳು ಏಳುತ್ತಲೇ ಇರುತ್ತದೆ. ಆ ತಿಂಗಳು ಬಣ್ಣ ಬೇಡ, ಒಳಗೆ ಕೂತು ಆಸನ, ಗಾಲಿ ಮುಂತಾದ ಸಣ್ಣ ಕೆಲಸ ಮಾಡು.

ಕೈ ಪಳಗಿದ ಮೇಲೆ ಮಾರುತ್‌ಗೆ ಬಾ. ಅದಕ್ಕೆ ಮೊದಲು ಅದನ್ನು ಕಣ್ಣಾರೆ ನೋಡು. ಆದವಾನಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ನಿಂತಿದೆ. ಎಚ್‌ಎಎಲ್‌ನ ವಿಮಾನ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು. ಬೆಂಗಳೂರಿಗೆ ಹೋದಾಗಲೆಲ್ಲ ನಾನು ಅಲ್ಲಿ ನಿಂತು ನೋಡುತ್ತೇನೆ, ಪ್ರತಿ ಸಲವೂ ಹೊಸದೊಂದು ಕಣ್ಣಿಗೆ ಬೀಳುತ್ತದೆ. ಮೂಗಿನ ಎರಡೂ ಬದಿಗೆ ಎರಡೆರಡು ಫಿರಂಗಿ ಕಿಂಡಿಗಳನ್ನು ನೋಡು. ಕಾಕ್‌ಪಿಟ್ಟಿನ ಪಕ್ಕದ ಗಾಳಿಬಾಯಿಗಳ ಒಳಗೆ ಅರ್ಧ ಶಂಕುವಿನಾಕಾರ ಇದೆ, ಅದನ್ನು ಬಿಟ್ಟರೆ ಮುಖಲಕ್ಷಣವೇ ಹೋಗುತ್ತದೆ. ರೆಕ್ಕೆ ಸೇರುವಲ್ಲಿ ಒಡಲು ಸೊಂಟದಂತೆ ಸಣ್ಣಗಾಗುವುದು ಚೆಂದಕ್ಕಲ್ಲ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲೆಂದು ಹಾಗೆ ಮಾಡಿದ್ದು. ಮರದಲ್ಲಿ ಮಾರುತ್ ಕೆತ್ತುವವರು ಎಡವುವುದು ಈ ಸೊಂಟದಲ್ಲೇ. ಫೋಟೋ ತೆಗೆಯುವಾಗ ಹತ್ತಿರ ನಿಲ್ಲದೆ ದೂರದಿಂದ ಜೂಮ್ ಮಾಡಿ, ಸರಿಯಾಗಿ ಪಕ್ಕದಿಂದ, ಸರಿಯಾಗಿ ಮುಂದಿನಿಂದ ತೆಗೆ. ಹತ್ತಿರದ ಫೋಟೋದಲ್ಲಿ ಮೂಗು ಉಬ್ಬಿ ಬಾಲ ಕುಗ್ಗುತ್ತದೆ, ಅದನ್ನು ನಂಬಿ ಕೆತ್ತಿದರೆ ಆಕಾರ ಕೆಡುತ್ತದೆ. ಇನ್ನೊಂದು ಮಾತು: ಸಂಗ್ರಹಾಲಯದ ವಿಮಾನದ ಮೇಲಿರುವ ಬಣ್ಣ ಎಷ್ಟೋ ಸಲ ಮತ್ತೆ ಬಳಿದದ್ದು. ಆಕಾರವನ್ನು ಅಲ್ಲಿಂದ ಕಲಿ, ಬಣ್ಣವನ್ನು ಆ ಕಾಲದ ಫೋಟೋಗಳಿಂದ ಕಲಿ.

ಕೆತ್ತುವುದಕ್ಕೆ ಮೆತ್ತನೆಯ, ಗಂಟಿಲ್ಲದ ಮರ ಬೇಕು. ಚನ್ನಪಟ್ಟಣದ ಗೊಂಬೆಗಳವರು ಬಳಸುವ ಹಾಲೆ ಮರ ಸಿಕ್ಕರೆ ತುಂಬ ಒಳ್ಳೆಯದು. ಬಿಳಿ, ನುಣುಪು, ಸೀಳುವುದಿಲ್ಲ. ಎರಡು ಹಲಗೆಗಳ ನಡುವೆ ಕಾಗದವಿಟ್ಟು ಫೆವಿಕಾಲ್‌ನಿಂದ ಅಂಟಿಸು. ಇಡೀ ಒಡಲು ಕೆತ್ತಿ ಮುಗಿದ ಮೇಲೆ ಆ ಕಾಗದದ ಸಂದಿನಲ್ಲಿ ಚಾಕು ಇಟ್ಟರೆ ನಡುವಿನಿಂದ ಎರಡಾಗುತ್ತದೆ. ಆಗ ಕಾಕ್‌ಪಿಟ್, ಗಾಲಿಯ ಗೂಡು ಒಳಗಿನಿಂದ ಕೊರೆಯಬಹುದು. ಒಡಲಿನ ಅಡ್ಡಕೊಯ್ತದ ಆಕಾರಗಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿಕೊಂಡು, ಕೆತ್ತುತ್ತ ಕೆತ್ತುತ್ತ ಹೊಂದಿಸಿ ನೋಡು. ಕಣ್ಣಳತೆಯನ್ನು ನಂಬಬೇಡ. ರೆಕ್ಕೆಗೆ ತೆಳು ಪ್ಲಾಸ್ಟಿಕ್ ಹಾಳೆಯೇ ಲೇಸು. ಅದರ ಹಿಂದಿನ ಅಂಚನ್ನು ಎಷ್ಟು ತೆಳುವಾಗಿಸಿದರೂ ಸಾಲದು: 1 ಮಿಲಿಮೀಟರ್ ಬಿಟ್ಟರೆ ನಿಜದ ವಿಮಾನದಲ್ಲಿ 72 ಮಿಲಿಮೀಟರ್, ಅಂದರೆ ಮೂರಂಗುಲಕ್ಕೆ ಸಮೀಪ. ಅಷ್ಟು ಮೊಂಡಾದ ರೆಕ್ಕೆ ಯಾವ ಜೆಟ್‌ಗೂ ಇಲ್ಲ. ಕಾಕ್‌ಪಿಟ್ಟಿನ ಗಾಜಿಗೆ ಮೊದಲು ಮರದಲ್ಲಿ ಅಚ್ಚು ಕೆತ್ತಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಎಳೆ. ಎರಡು ಮೂರು ಹಾಳೆ ಹಾಳಾಗುತ್ತವೆ, ಆಗಲಿ. ಅದನ್ನು ಕೂಡಿಸಲು ಫೆವಿಕ್ವಿಕ್ ಮುಟ್ಟಬೇಡ. ಅದರ ಆವಿಯಿಂದ ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಫೆವಿಕಾಲ್ ಒಣಗಿದ ಮೇಲೆ ಪಾರದರ್ಶಕ, ಅದೇ ಸರಿ.

ಸೂಕ್ಷ್ಮ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಅದಕ್ಕೆ ದುಬಾರಿ ಸಾಮಾನು ಬೇಡ, ಲೆಕ್ಕ ಬೇಕು. ಮಾರುತ್‌ನ ನಾಲ್ಕು ಏಡನ್ ಫಿರಂಗಿಗಳ ಕೊಳವೆ 30 ಮಿಲಿಮೀಟರ್. ಅದನ್ನು 72ರಿಂದ ಭಾಗಿಸಿದರೆ 0.42 ಮಿಲಿಮೀಟರ್. ಔಷಧಿ ಅಂಗಡಿಯಲ್ಲಿ ಸಿಗುವ 22 ಗೇಜಿನ ಇಂಜೆಕ್ಷನ್ ಸೂಜಿಯ ಒಳರಂಧ್ರ 0.41 ಮಿಲಿಮೀಟರ್. ಯಾವ ವಿದೇಶಿ ಬಿಡಿಭಾಗವೂ ಇಷ್ಟು ಸರಿಯಾಗಿ ಹೊಂದಲಾರದು. ಹೊಸ ಸೂಜಿಯನ್ನೇ ಕೊಳ್ಳು, ಬಳಸಿದ್ದನ್ನು ಎಂದೂ ಮುಟ್ಟಬೇಡ. ಅರದಿಂದ ಸುತ್ತಲೂ ಕೊರೆದು ಮುರಿ. ಕಣ್ಣಿಗೆ ಕನ್ನಡಕ ಇರಲಿ. ಗಾಲಿಯ ಗೂಡಿನೊಳಗೆ ಹೈಡ್ರಾಲಿಕ್ ಪೈಪುಗಳು ಕಾಣಬೇಕು. ಆದವಾನಿಯ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಫ್ಯಾನು, ಮಿಕ್ಸಿಗಳಿಂದ ಬಿಚ್ಚಿದ ತಾಮ್ರದ ತಂತಿ ಸಿಗುತ್ತದೆ. 0.15 ಮಿಲಿಮೀಟರ್ ತಂತಿ ನಿನ್ನ ಅಳತೆಗೆ ಸುಮಾರು 11 ಮಿಲಿಮೀಟರ್ ಪೈಪ್. ಬೇಕಾದದ್ದು ಅಷ್ಟೇ ದಪ್ಪ. ಆಂಟೆನಾಕ್ಕೆ ಕಿಟ್‌ನ ಚೌಕಟ್ಟಿನ ತುಂಡನ್ನು ಮೇಣದಬತ್ತಿಯ ಮೇಲೆ ದೂರದಿಂದ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಪೈಲಟ್ ಆಸನದ ಪಟ್ಟಿಗಳಿಗೆ ಬಿಸ್ಕತ್ತಿನ ಪೊಟ್ಟಣದ ತೆಳು ಹಾಳೆ.

ಅದೇ ಲೆಕ್ಕ ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೇಳುತ್ತದೆ. ನಿಜದ ವಿಮಾನದಲ್ಲಿ ಎರಡು ಲೋಹದ ಹಾಳೆಗಳ ನಡುವಿನ ಸಂದು 2 ಮಿಲಿಮೀಟರ್ ಅಂದುಕೊ. 1/72ರಲ್ಲಿ ಅದು 0.03 ಮಿಲಿಮೀಟರ್, ತಲೆಗೂದಲಿಗಿಂತ ತೆಳು. ಹಾಗಿದ್ದೂ ಈಗಿನವರು ಪ್ರತಿಯೊಂದು ಗೆರೆಗೂ ಕಪ್ಪು ತುಂಬಿ, ವಿಮಾನಕ್ಕೆ ಬಲೆ ಹೊದಿಸಿದಂತೆ ಮಾಡುತ್ತಾರೆ. ಸ್ಪರ್ಧೆಗಳಲ್ಲಿ ಅಂಥದಕ್ಕೆ ಮೆಚ್ಚುಗೆಯೂ ಸಿಗುತ್ತದೆ. ನನಗೆ ಒಪ್ಪಿಗೆಯಿಲ್ಲ. ರೆಕ್ಕೆಯಿಂದ ಬೇರೆಯಾಗಿ ಆಡುವ ಭಾಗಗಳ ಸುತ್ತ ಮಾತ್ರ ಗೆರೆ ಗಾಢವಾಗಿರಲಿ, ಉಳಿದದ್ದು ಕಂಡೂ ಕಾಣದಂತಿರಲಿ.

ಬಣ್ಣಕ್ಕೆ ಏರ್‌ಬ್ರಷ್ ಇದ್ದರೆ ಒಳ್ಳೆಯದು, ಆದರೆ ಮೊದಲ ಎರಡು ಮಾದರಿಗಳಿಗೆ ಅದು ಬೇಡ. ಚಪ್ಪಟೆ ಕುಂಚ, ಹಾಲಿನಷ್ಟು ತೆಳುವಾದ ಬಣ್ಣ, ಒಂದು ಪದರ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಬಣ್ಣ ಮುಗಿದ ಮೇಲೆ ಗುರುತುಗಳಿಗೆ ಮೊದಲು ಹೊಳಪಿನ ವಾರ್ನಿಶ್ ಹಚ್ಚು. ಒರಟು ಮೈಯ ಮೇಲೆ ಡೆಕಾಲ್, ಅಂದರೆ ಅಂಟಿಸುವ ಗುರುತಿನ ಹಾಳೆ, ಕೂಡಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ, ಆಮೇಲೆ ಅದನ್ನು ಹೋಗಲಾಡಿಸುವುದು ಕಷ್ಟ. ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಊರಿನ ಜೆರಾಕ್ಸ್ ಅಂಗಡಿಯ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸಲಾರದು ಎಂಬುದು ನೆನಪಿರಲಿ. ಪಾರದರ್ಶಕ ಡೆಕಾಲ್ ಹಾಳೆಯಲ್ಲಿ ಮುದ್ರಿಸಿದರೆ ಬಿಳಿ ಉಂಗುರದಲ್ಲಿ ರೆಕ್ಕೆಯ ಹಸಿರೇ ಕಾಣುತ್ತದೆ. ಬಿಳಿ ಡೆಕಾಲ್ ಹಾಳೆ ತರಿಸು, ಇಲ್ಲವೇ ಟೇಪಿನಲ್ಲಿ ವೃತ್ತ ಕತ್ತರಿಸಿ ಬಣ್ಣವನ್ನೇ ಹಚ್ಚು.

ಧೂಳು, ಹೊಗೆ, ಎಣ್ಣೆಯ ಕಲೆಗಳನ್ನು ಕೊನೆಗೆ ಹಾಕಬೇಕು, ಕೈ ಹಿಡಿದು ಹಾಕಬೇಕು. ಇಲ್ಲೂ ಅದೇ ಪ್ರಶ್ನೆ ಬರುತ್ತದೆ, ಯಾವ ದಿನ. 1971ರ ಡಿಸೆಂಬರಿನಲ್ಲಿ ಮಾರುತ್‌ನ ಗಾಲಿಗೆ ಅಂಟಿದ್ದು ರಾಜಸ್ಥಾನದ ತಿಳಿ ಮರಳು. ನಮ್ಮ ಹೊಲದ ಎರೆಮಣ್ಣಿನ ಕಪ್ಪು ಅದಕ್ಕೆ ಸಲ್ಲದು, ಆಲೂರು ದಾರಿಯ ಕೆಂಪೂ ಸಲ್ಲದು. ಅದೇ ಮಾರುತ್ ಬೆಂಗಳೂರಿನ ಪರೀಕ್ಷಾ ಹಾರಾಟದ ದಿನಗಳದ್ದಾದರೆ ಧೂಳೇ ಬೇಡ. ಕಾರ್ಖಾನೆಯವರು ಅದನ್ನು ಒರೆಸಿ ಒರೆಸಿ ಇಡುತ್ತಿದ್ದರು. ಫಿರಂಗಿ ಹಾರಿಸಿದ ವಿಮಾನವಾದರೆ ಕಿಂಡಿಯ ಸುತ್ತ ಮಸಿ ಇರಲಿ. ಹಾರಿಸದ ವಿಮಾನಕ್ಕೆ ಮಸಿ ಬಳಿಯಬೇಡ.

ಯುದ್ಧದ ಆಯುಧವನ್ನು ಇಷ್ಟು ಮುದ್ದಾಗಿ ಮಾಡುವುದು ಸರಿಯೇ ಎಂದು ನಿನ್ನ ಅಮ್ಮ ಕೇಳಿದರಂತೆ. ಕೇಳಬೇಕಾದ ಮಾತೇ. ನನ್ನ ಉತ್ತರ ಇಷ್ಟೆ: ನೀನು ಕಟ್ಟುವುದು ಗೆಲುವಿನ ಸ್ಮಾರಕವಲ್ಲ, ಅದನ್ನು ರೂಪಿಸಿದ, ಬೆಸೆದ, ಹಾರಿಸಿದ ಮನುಷ್ಯರ ಕೆಲಸದ ದಾಖಲೆ. ಆ ಕಡೆ ಸ್ಟಾರ್‌ಫೈಟರ್‌ನಿಂದ ಹೊರಗೆ ಹಾರಿ ಬದುಕಿದ ಪೈಲಟ್ ಕೂಡ ಈ ಕಥೆಯಲ್ಲಿದ್ದಾನೆ. ದೇವಯ್ಯನವರು ಏನು ಮಾಡಿದರೆಂಬುದು ತಿಳಿದದ್ದಕ್ಕೆ ಒಂದು ಕಾರಣ, ಎದುರಾಳಿಯ ಕಡೆಯವರೂ ನಡೆದದ್ದನ್ನು ನಡೆದಂತೆ ಹೇಳಿದ್ದು.

ಇನ್ನು ಇಡುವ ಜಾಗ. ಮನೆಯ ಷೋಕೇಸಿನಲ್ಲಿ ಇಟ್ಟರೆ ನಿನ್ನ ಮನೆಯವರು ಮಾತ್ರ ನೋಡುತ್ತಾರೆ. ಗಾಜಿನ ಪೆಟ್ಟಿಗೆ ಮಾಡಿಸಿ ನೀನು ಓದಿದ ಶಾಲೆಗೆ ಕೊಡು. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಕನ್ನಡ ಶಾಲೆಗಳು ಈ ಗಡಿಯ ಮಂಡಲಗಳಲ್ಲಿ ಇಂದಿಗೂ ನಡೆಯುತ್ತಿವೆ. ಅಲ್ಲಿನ ಮಕ್ಕಳಿಗೆ ಬೆಂಗಳೂರಿನಲ್ಲಿ ಜೆಟ್ ಕಟ್ಟಿದ ಕಥೆಯನ್ನು ಹೇಳುವವರು ಕಡಿಮೆ. ಪೆಟ್ಟಿಗೆಯ ಮುಂದೆ ಒಂದು ಚೀಟಿ ಹಚ್ಚು, ಕನ್ನಡದಲ್ಲೂ ತೆಲುಗಿನಲ್ಲೂ. ವಿಮಾನದ ಹೆಸರು, ಯಾವ ಸ್ಕ್ವಾಡ್ರನ್, ಯಾವ ವರ್ಷದ ರೂಪ, ಅಳತೆ 1/72, ಎಲ್ಲಿ ಕಟ್ಟಿದರು, ಮೊದಲು ಹಾರಿಸಿದವರು ಯಾರು. ಫೋಟೋ ನೋಡಿ ಮಾಡಿದ ಭಾಗ ಯಾವುದು, ಬೇರೆ ಮಾರುತ್‌ನಿಂದ ಅಳತೆ ತಂದ ಭಾಗ ಯಾವುದು ಎಂಬುದನ್ನೂ ಕೆಳಗೆ ಸಣ್ಣಕ್ಷರದಲ್ಲಿ ಬರೆ. ಮುಂದೆ ಯಾರಾದರೂ ಇನ್ನೂ ಚೆನ್ನಾಗಿ ಮಾಡಬೇಕೆಂದು ಹೊರಟರೆ ಅವರು ಶುರುಮಾಡುವುದು ಆ ಸಣ್ಣಕ್ಷರಗಳಿಂದ.

ಅದು ಮುಗಿದ ಮೇಲೆ ಇನ್ನೂ ಹಂಬಲ ಉಳಿದಿದ್ದರೆ, ಉಳಿದ ಹಾಲೆ ಮರದಲ್ಲಿ 1959ರ ಗ್ಲೈಡರ್ ಕೆತ್ತು. ಅದಕ್ಕೆ ಫಿರಂಗಿ ಬೇಡ, ಆಸನ ಮಾತ್ರ ಎರಡು. ಅದರ ಫೋಟೋಗಳು ಕಡಿಮೆ, ಹುಡುಕುವುದಕ್ಕೇ ಬಹಳ ದಿನ ಹಿಡಿಯುತ್ತದೆ. ಈಗಿನಿಂದಲೇ ಹುಡುಕಲು ಶುರುಮಾಡು.